ಮೋತ್ಯಾನ ಗಡಿಗೆ

ಹೊಸದಂತೆ! ನಮ್ಮ ಕಡೆ ಇದೇ ಮೊದಲಂತೆ!

ಯಾದಗಿರಿಯ ಕರಕುಶಲ ಮೇಳದಲ್ಲಿ ಒಂದು ಅಂಗಡಿಯ ಮುಂದೆ ನಿಂತು ಆ ಬೋರ್ಡು ಓದಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ‘ಅಗಲಿದ ನಿಮ್ಮ ಮುದ್ದುಪ್ರಾಣಿಗಳಿಗೆ ಕೈಯಿಂದ ಮಾಡಿದ ನೆನಪಿನ ಗಡಿಗೆ. ಈ ಭಾಗದಲ್ಲಿ ಪ್ರಥಮ ಬಾರಿಗೆ.’ ಬೊಗಸೆಯಲ್ಲಿ ಹಿಡಿಯುವಷ್ಟು ದೊಡ್ಡ, ಮುಚ್ಚಳವಿರುವ ಮಣ್ಣಿನ ಗಡಿಗೆಗಳನ್ನು ಸಾಲಾಗಿ ಜೋಡಿಸಿದ್ದರು. ಒಂದೊಂದರ ಹೊಟ್ಟೆಯ ಮೇಲೂ ನಾಯಿಯ ಹೆಜ್ಜೆ ಗುರುತು. ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಹೊಸದಾಗಿ ಸುಟ್ಟ ಮಣ್ಣಿನ ವಾಸನೆ ಇನ್ನೂ ಹೋಗಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅರವತ್ತು ವರ್ಷಕ್ಕೂ ಹಿಂದಿನ ಸಿಟ್ಟು ಒಂದು ಚೂರೂ ಹಳಸದೆ ಎದ್ದು ಬಂತು.

“ಬರ್ರಿ ಅಜ್ಜಿ, ನಿಮ್ಮನ್ಯಾಗ ನಾಯಿ ಏನರ ತೀರಿಕೊಂಡದೇನ್ರಿ? ಹೆಸರು ಹೇಳ್ರಿ, ಬರದು ಕೊಡ್ತೀನಿ,” ಅಂದಳು ಅಂಗಡಿಯ ಹುಡುಗಿ.

“ಪ್ರಥಮ ಬಾರಿ ಅಂತ ಯಾರು ಹೇಳ್ಯಾರ ನಿನಗ?” ಅಂದೆ.

ಹುಣಸಗಿಯ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಮಕ್ಕಳನ್ನು ಗದರಿಸಿದ ದನಿ ನನ್ನದು, ಮುದುಕಿಯಾದರೂ ತಗ್ಗಿಲ್ಲ. ಅಕ್ಕಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಹುಡುಗಿ ಗಾಬರಿಯಾಗಿ ಒಂದು ಸ್ಟೂಲು ಎಳೆದು ಕೊಟ್ಟಳು. ನಾನು ಕೂತಾಗ ನನ್ನ ಸೊಂಟದ ಕೀಲಿ ಗೊಂಚಲಿನಲ್ಲಿದ್ದ ಹಿತ್ತಾಳೆ ಗಂಟೆ ಟಣ್ ಎಂದಿತು. ಆ ಗಂಟೆ ಮೋತ್ಯಾನದು.

ಮೋತ್ಯಾ ಅಂದರೆ ಮಾಳವ್ವನ ಕುರಿ ಕಾಯುವ ನಾಯಿ. ಮಾಳವ್ವ ಅಂದರೆ ವನದುರ್ಗದಲ್ಲಿ ನಮ್ಮ ಕುಂಬಾರ ಓಣಿಯ ಹಿಂದೆ, ಕೋಟೆ ಗುಡ್ಡದ ಬುಡದಲ್ಲಿ ಕುರಿದೊಡ್ಡಿ ಇಟ್ಟುಕೊಂಡಿದ್ದ ಹೆಂಗಸು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ತಮ್ಮನ ಜೊತೆ ತಾನೂ ಕಂಬಳಿ ಹೊದ್ದು, ಕೋಲು ಹಿಡಿದು ಹಿಂಡಿನ ಹಿಂದೆ ಹೋಗುತ್ತಿದ್ದಳು. ಮೋತ್ಯಾನನ್ನು ಕಣ್ಣು ಬಿಡದ ಮರಿಯಿದ್ದಾಗಿನಿಂದ ಕುರಿ ಹಾಲು ಹಾಕಿ ಸಾಕಿದ್ದಳು. ನಲವತ್ತೆಂಟರ ಗದ್ದಲದ ವರ್ಷ, ಲೂಟಿ ಮಾಡುವವರಿಗೆ ಹೆದರಿ ಊರ ಹೆಂಗಸರೆಲ್ಲ ಗುಡ್ಡದ ಗವಿಯಲ್ಲಿ ಅಡಗಿ ಕೂತಾಗ, ಗವಿಯ ಬಾಯಿಗೆ ಮಲಗಿದ್ದದ್ದು ಇದೇ ನಾಯಿ. ನಾನಾಗ ಚಿಕ್ಕವಳು. ಅವ್ವ ಸತ್ತ ಹೊಸತು. ಅದರ ಹೊಟ್ಟೆಗೆ ಒರಗಿ ನಿದ್ದೆ ಮಾಡಿದ್ದೆನಂತೆ.

ನಾನು ಹೇಳುತ್ತಿರುವುದು ಹೈದರಾಬಾದ್ ಒಡೆದು ನಾವು ಮೈಸೂರಿಗೆ ಸೇರಿದ ವರ್ಷದ ಮಾತು. ನನಗೆ ಹದಿಮೂರೋ ಹದಿನಾಲ್ಕೋ. ಕಚೇರಿಗಳ ಮೇಲಿನ ಉರ್ದು ಅಕ್ಷರ ಅಳಿಸಿ ಕನ್ನಡ ಬರೆಯುತ್ತಿದ್ದರು. ಕೆಳಗಿನ ಸೀಮೆಯಿಂದ, ಅಂದರೆ ಮೈಸೂರಿನ ಕಡೆಯಿಂದ, ಹೊಸ ಸಾಹೇಬರು ಬಂದಿದ್ದರು. ಅವರು ಮಾತಾಡುತ್ತಿದ್ದದ್ದೂ ಕನ್ನಡವೇ, ಆದರೂ ನಮ್ಮವರು ಅವರೆದುರು ‘ಜೀ ಹುಜೂರ್’ ಅಂದೇ ಕೈಮುಗಿಯುತ್ತಿದ್ದರು. ಸರಕಾರ ಬದಲಾದಷ್ಟು ಬೇಗ ಬೆನ್ನು ನೆಟ್ಟಗಾಗುವುದಿಲ್ಲ ನೋಡಿ.

ಆ ಹೊಸ ಕಾಲದಲ್ಲಿ ನಮ್ಮ ಓಣಿಗೆ ಒಂದೇ ಚಿಂತೆ, ಮಣ್ಣಿನದು. ತಲೆತಲಾಂತರದಿಂದ ನಮ್ಮವರು ಊರ ಕೆರೆಯ ಮಣ್ಣು ತಂದು ಗಡಿಗೆ ಮಾಡಿದವರು. ಜಹಗೀರು ಹೋದ ಮೇಲೆ ಕೆರೆ ಸರಕಾರದ್ದಾಯಿತು. ಪರವಾನಗಿ ಇಲ್ಲದೆ ಒಂದು ಬುಟ್ಟಿ ಮಣ್ಣೂ ಎತ್ತಬಾರದು ಅಂತ ಕಾವಲುಗಾರನನ್ನು ಇಟ್ಟರು. ಅಪ್ಪ, ಅವನ ಹೆಸರು ಬಸಪ್ಪ, ಊರವರಿಗೆಲ್ಲ ಬಸಣ್ಣ, ಅರ್ಜಿ ಹಿಡಿದು ಶಹಾಪುರಕ್ಕೆ ಎಷ್ಟು ಸಲ ನಡೆದನೋ ಲೆಕ್ಕವಿಲ್ಲ. ಹಿತ್ತಲಲ್ಲಿ ಕೂಡಿಟ್ಟ ಮಣ್ಣು ದಿನದಿನಕ್ಕೆ ಕರಗುತ್ತಿತ್ತು.

ದೀಪಾವಳಿ ಮುಗಿದು ವಾರವಾಗಿತ್ತು. ದೊಡ್ಡಿಗೆ ತೋಳ ಬಿತ್ತು. ಮೋತ್ಯಾ ಒಂದು ಮರಿಯನ್ನೂ ಬಿಟ್ಟುಕೊಡಲಿಲ್ಲ, ತಾನು ಮಾತ್ರ ಕುತ್ತಿಗೆ ಹರಿಸಿಕೊಂಡಿತು. ಮಾಳವ್ವ ಅರಿಶಿನ, ಬೇವು ಅರೆದು ಕಟ್ಟಿದಳು. ಎಂಟು ದಿನ ನರಳಿ ಸತ್ತುಹೋಯಿತು. ಹೊಲದ ಬದುವಿನಲ್ಲಿ ಕುಣಿ ತೋಡಿ ಹೂಳಿ, ನೇರ ನಮ್ಮ ಮನೆಗೆ ಬಂದಳು.

“ಬಸಣ್ಣ, ನನ್ನ ಮೋತ್ಯಾಗ ಒಂದು ಗಡಿಗಿ ಮಾಡಿಕೊಡು,” ಅಂದಳು. ಅಳಲಿಲ್ಲ. ಅತ್ತು ಮುಗಿಸಿ ಬಂದಿದ್ದಳು.

ನಮ್ಮಲ್ಲಿ ಹಾಗೊಂದು ಪದ್ಧತಿ ಇತ್ತು. ಹಿಂಡು ಕಾದ ನಾಯಿ ಸತ್ತರೆ ಅದರ ಬಾಲದ ಕೂದಲು, ಕೊರಳ ಗಂಟೆ, ಅದು ಮಲಗುತ್ತಿದ್ದ ಜಾಗದ ಒಂದು ಹಿಡಿ ಮಣ್ಣು, ಮೂರನ್ನೂ ಒಂದು ಸಣ್ಣ ಗಡಿಗೆಯಲ್ಲಿ ಹಾಕಿ ಮುಚ್ಚಳಕ್ಕೆ ಮಣ್ಣು ಮೆತ್ತಿ ದೊಡ್ಡಿಯ ಕಲ್ಲುಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ನಾಯಿ ಸತ್ತರೂ ಕಾವಲು ಬಿಡಬಾರದು ಅಂತ. ಅದಕ್ಕೆ ಕುಂಬಾರ ದುಡ್ಡನ್ನಾಗಲಿ ಕಾಳನ್ನಾಗಲಿ ಮುಟ್ಟುವಂತಿಲ್ಲ. ಒಂದು ಎಳೆ ಉಣ್ಣೆ ಕೊಟ್ಟರೆ ಮುಗಿಯಿತು. ಇನ್ನೊಂದು ಕಟ್ಟಳೆ ಇತ್ತು: ಆ ಗಡಿಗೆಗೆ ಕೆಮ್ಮಣ್ಣು ಬಳಿಯಬಾರದು, ಕಲ್ಲಿನಿಂದ ಉಜ್ಜಿ ಹೊಳಪು ಕೊಡಬಾರದು. ತಟ್ಟಿದ ಹಾಗೆಯೇ ಒರಟಾಗಿ ಸುಡಬೇಕು. ಮನುಷ್ಯರ ಹೆಣದ ಮುಂದೆ ಹಿಡಿಯುವ ಗಡಿಗೆಗೂ ಅದೇ ಕಟ್ಟಳೆ.

ಅಪ್ಪ ಇದ್ದ ಮಣ್ಣಿನಲ್ಲೇ ಒಳ್ಳೆಯದು ಆರಿಸಿ ಗಡಿಗೆ ಮಾಡಿದ. ತಟ್ಟಿ ನೆರಳಿಗಿಟ್ಟು ಶಹಾಪುರಕ್ಕೆ ಹೋದ, ಅದೇ ಅರ್ಜಿಯ ಕೆಲಸಕ್ಕೆ. ಮನೆಯಲ್ಲಿ ನಾನೊಬ್ಬಳೇ. ಕೆರೆಗೆ ಹೋದರೆ ಕೆರೆಗೆ, ಸಂತೆಗೆ ಹೋದರೆ ಸಂತೆಗೆ, ನನ್ನ ಹಿಂದೆಯೇ ಬರುತ್ತಿದ್ದ ಮೋತ್ಯಾಗೆ ಇಂಥ ಬೋಳು ಗಡಿಗೆಯೇ? ಊರವರ ಉಪ್ಪಿನಕಾಯಿ ಗಡಿಗೆಗೂ ಹೊಳಪು ಕೊಡುತ್ತೇವೆ, ಗವಿಯ ಬಾಯಿ ಕಾದ ನಾಯಿಗೆ ಯಾಕಿಲ್ಲ? ಹೊಳೆಯ ನುಣುಪು ಕಲ್ಲು ತೆಗೆದುಕೊಂಡು ಕೂತೆ. ಕೆಮ್ಮಣ್ಣು ಬಳಿದು ಉಜ್ಜಿದೆ, ಉಜ್ಜಿದೆ, ಕೈ ಬೊಬ್ಬೆ ಬರುವವರೆಗೆ ಉಜ್ಜಿದೆ. ಕೊರಳಿನ ಸುತ್ತ ಗೆರೆ ಎಳೆದೆ. ಯಾರಿಗೂ ಕಾಣದಂತೆ, ಸುಡಲು ಆವಿಗೆಯಲ್ಲಿ ಜೋಡಿಸಿದ್ದ ಉಳಿದ ಗಡಿಗೆಗಳ ನಡುವೆ ಸೇರಿಸಿಬಿಟ್ಟೆ.

ಅಪ್ಪ ಊರಿಂದ ಬಂದು ಸುಟ್ಟು ತೆಗೆದಾಗ ಅದು ಮಾವಿನ ಹಣ್ಣಿನ ಹಾಗೆ ಹೊಳೆಯಿತು. ಅಪ್ಪ ಒಮ್ಮೆ ಅದರ ಕಡೆ, ಒಮ್ಮೆ ನನ್ನ ಕಡೆ ನೋಡಿದ.

“ಏನ್ ಮಾಡಿದಿ ನೀಲಿ? ಸತ್ತವರ ಗಡಿಗಿ ಇದು.”

“ಮೋತ್ಯಾಗ ಚಂದ ಇರಲಿ ಅಂತ ಮಾಡ್ಯೇನಿ.”

“ಹೊಳಿಯೂದು ಸಂತಿಗಿ ಹೋಗ್ತದ, ಹುಚ್ಚಿ. ಹೊಳಿಲಾರದ್ದು ಮನ್ಯಾಗ ಉಳೀತದ. ಹಿರಿಯರು ಸುಮ್ನ ಹೇಳ್ಯಾರೇನು?”

ಇನ್ನೊಂದು ಮಾಡೋಣವೆಂದರೆ ಮಣ್ಣು ಮುಗಿಯುತ್ತ ಬಂದಿತ್ತು. ಮಾಳವ್ವ ಹಿಂಡು ಹೊಡೆದುಕೊಂಡು ಎರೆಭೂಮಿಯ ಕಡೆ ಹೊರಡುವವಳಿದ್ದಳು, ಬರುವುದು ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹೊತ್ತಿಗೆ. ಅವಳಿಗೆ ಗಡಿಗೆ ತೋರಿಸಿದೆವು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಬೊಬ್ಬೆ ಬಂದ ಕೈ ನೋಡಿ, “ಇರಲಿ ಬಿಡು ಬಸಣ್ಣ, ಹುಡುಗಿ ಅಕ್ಕರ್ತಿಲೆ ಮಾಡ್ಯಾಳ,” ಅಂದಳು. ಕೂದಲು, ಗಂಟೆ, ಮಣ್ಣು ಹಾಕಿ ತಾನೇ ಮುಚ್ಚಳ ಮೆತ್ತಿದಳು. ತಾನು ಬಂದು ಗೋಡೆಯಲ್ಲಿ ಇಡುವವರೆಗೆ ನಮ್ಮ ಮನೆಯಲ್ಲಿರಲಿ ಅಂದಳು. ಅಪ್ಪ ಅದನ್ನು ದೇವರ ಗೂಡಿನ ಪಕ್ಕದಲ್ಲೇ ಇಟ್ಟ.

ಎಳ್ಳಮಾಸಿಗೆ ಇನ್ನು ನಾಲ್ಕು ದಿನ. ಜೀಪು ಬಂತು. ಶಹಾಪುರದಲ್ಲಿ ಗ್ರಾಮ ಕೈಗಾರಿಕೆಯ ಪ್ರದರ್ಶನವಂತೆ, ಹೊಸ ರಾಜ್ಯದ ಸಂಭ್ರಮವಂತೆ. ಊರೂರಿನಿಂದ ಸಾಮಾನು ಆರಿಸಲು ಸಾಹೇಬರೇ ಬಂದಿದ್ದರು. ಅವರ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಬೇಡ. ನಮ್ಮ ನೀರಿನ ಗಡಿಗೆ, ಹರವಿ, ಪರಾತ ಯಾವುದೂ ಅವರ ಕಣ್ಣಿಗೆ ಹಿಡಿಸಲಿಲ್ಲ. ಬಾಗಿಲಿಂದ ಒಳಗೆ ಬಗ್ಗಿ ನೋಡಿದರು.

“ಅದೇನಯ್ಯ ಅಲ್ಲಿ ಹೊಳೀತಿರೋದು? ತಗೊಂಡು ಬಾ ಇಲ್ಲಿ. ಆಹಾ! ಇಂಥ ಹೂದಾನಿ ಮನೇಲಿಟ್ಕೊಂಡು ಮಡಕೆ ತೋರಿಸ್ತೀಯಲ್ಲ!”

“ಅದು… ಬ್ಯಾರೇದವ್ರದರಿ,” ಅಂದ ಅಪ್ಪ. ನಾಯಿಯದು ಅಂತ ಹೇಳಲಿಲ್ಲ. ನಾಚಿಕೆಯಾಯಿತೋ ಏನೋ.

“ಬೇರೆಯವರಿಗೆ ಇನ್ನೊಂದು ಮಾಡಿಕೊಡು. ಕೆರೆ ಮಣ್ಣಿಗೆ ಅರ್ಜಿ ಹಾಕಿದ್ದೀಯಲ್ಲ, ನೀನೇ ತಾನೆ? ಅದು ನನ್ನ ಮೇಜಿನ ಮೇಲೇ ಇದೆ.”

ಬೆದರಿಕೆಯ ದನಿಯಲ್ಲ, ಸಕ್ಕರೆಯ ದನಿ. ಅಪ್ಪ ಗಡಿಗೆಯನ್ನು ಜವಾನನ ಕೈಗೆ ಕೊಟ್ಟ. ಜವಾನ ಗಡಿಗೆ ಅಲುಗಾಡಿಸಿ, ಚಾಕುವಿನಿಂದ ಮುಚ್ಚಳ ಎಬ್ಬಿಸಿ, ಅಂಗಳದಲ್ಲಿ ಬೋರಲು ಹಾಕಿ ತಟ್ಟಿದ. ಗಂಟೆ ಉರುಳಿತು. ಮಣ್ಣು ಸುರಿಯಿತು. ಕೂದಲು ಗಾಳಿಗೆ ಚೆದುರಿತು. “ಛೀ, ಕ್ಯಾ ಗಂದಾ ಹೈ,” ಅಂದು ಕೈಯನ್ನು ನಮ್ಮ ಬಾಗಿಲಿಗೇ ಒರೆಸಿದ! ನಾನು ಕಿರುಚುತ್ತ ಮೊಣಕಾಲೂರಿ ಕೂದಲು ಆಯತೊಡಗಿದೆ. ಸಾಹೇಬರು ನಕ್ಕರು. ಜೀಪು ಹೋಯಿತು. ಅಪ್ಪ ನನ್ನ ಜೊತೆ ಕೂತು ಕೂದಲು ಆಯಲು ಬಂದ. ಅವನ ಕೈ ತಳ್ಳಿಬಿಟ್ಟೆ.

ಮಾಳವ್ವ ಬಂದಾಗ ಹೇಳಿದವಳು ನಾನೇ. ಕೂದಲು, ಗಂಟೆ ಇದ್ದ ಬಟ್ಟೆ ಗಂಟನ್ನು ಕೈಗೆ ಕೊಟ್ಟೆ. ಹೊಳಪು ಕೊಟ್ಟದ್ದು ನನ್ನ ತಪ್ಪು ಅಂದೆ. ಅವಳು ಗಂಟು ಬಿಚ್ಚಿ ನೋಡಿ, ಮತ್ತೆ ಕಟ್ಟಿದಳು.

“ಹೊಳಪು ಕೊಟ್ಟದ್ದು ತಪ್ಪು ಖರೆ. ಕೊಟ್ಟು ಕಳಿಸಿದ್ದು ಅದಕ್ಕಿಂತ ದೊಡ್ಡದು. ನಡಿ, ತರೂಣು,” ಅಂದಳು.

ಎಳ್ಳಮಾಸಿ, ಊರೆಲ್ಲ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಣ್ಣುವ ದಿನ, ನಾವಿಬ್ಬರೂ ಹೊತ್ತು ಮೂಡುವ ಮೊದಲೇ ಶಹಾಪುರದ ದಾರಿ ಹಿಡಿದೆವು. ಅಪ್ಪನನ್ನು ಸಾಹೇಬರು ಹಿಂದಿನ ದಿನವೇ ಪ್ರದರ್ಶನಕ್ಕೆ ಕರೆಸಿಕೊಂಡಿದ್ದರು. ದಾರಿಯ ಎರಡೂ ಬದಿಗೆ ಜೋಳ ತೆನೆ ಬಿಟ್ಟು ನಿಂತಿತ್ತು. ಹೊಲದಲ್ಲಿ ಕೂತವರು “ಬರ್ರಿ, ಉಂಡು ಹೋಗ್ರಿ” ಅಂತ ಕರೆದರು. ಮಾಳವ್ವ ಎಲ್ಲಿಯೂ ನಿಲ್ಲಲಿಲ್ಲ.

ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಮೋತ್ಯಾನ ಗಡಿಗೆ ಇತ್ತು. ಅದರೊಳಗೆ ಕೆಂಪು, ಹಳದಿ ಕಾಗದದ ಹೂ ತುರುಕಿದ್ದರು. ಮುಂದೊಂದು ಚೀಟಿ: ‘ಹೂದಾನಿ. ಪ್ರಥಮ ಬಹುಮಾನ.’ ಅಪ್ಪ ಕೊರಳಲ್ಲಿ ಹಾರ ಹಾಕಿಕೊಂಡು ವೇದಿಕೆಯ ಮೇಲೆ ಕೂತಿದ್ದ. ಜೀವನದಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕೂತದ್ದು, ತುದಿಯಲ್ಲಿ ಕೂತಿದ್ದ. ಸಾಹೇಬರ ಕೈಯಲ್ಲಿ ಠಸ್ಸೆ ಹೊಡೆದ ಕಾಗದ. ಬಹುಮಾನದ ಜೊತೆಗೆ ಕುಂಬಾರರಿಗೆ ಕೆರೆ ಮಣ್ಣಿನ ಪರವಾನಗಿಯನ್ನೂ ಇಲ್ಲಿಯೇ ಕೊಡುತ್ತೇವೆ ಅಂತ ಆಗಷ್ಟೇ ಹೇಳಿದ್ದರು.

ಮಾಳವ್ವ ಜನರ ನಡುವೆ ಹಾದು ನೇರ ಮೇಜಿನ ಹತ್ತಿರ ಹೋದಳು. ಕಾಗದದ ಹೂಗಳನ್ನು ಒಂದೊಂದೇ ತೆಗೆದು ಪಕ್ಕಕ್ಕಿಟ್ಟಳು.

“ಏ ಏ, ಯಾರಮ್ಮ ನೀನು? ಮುಟ್ಟಬೇಡ ಅದನ್ನ!”

“ಇದು ನನ್ನ ನಾಯೀದ್ರಿ ಸಾಹೇಬ್ರ. ಇದರಾಗ ನನ್ನ ಮೋತ್ಯಾ ಇತ್ತು. ನಿಮ್ಮ ಮಂದಿ ಸುರುವಿ ಬಂದಾರ. ನನ್ನ ಗಡಿಗಿ ನನಗ ಕೊಡ್ರಿ, ನಾ ಹೋಗ್ತೀನಿ.”

ಜನ ಹೋ ಎಂದು ನಕ್ಕರು. ನಾಯಿಗೆ ಗಡಿಗೆಯಂತೆ, ತಿಥಿಯನ್ನೂ ಮಾಡುತ್ತಾಳೇನೋ ಅಂದ ಒಬ್ಬ. “ನಾಯಿ ಬೊಗಳಿದ್ರ ದೇವಲೋಕ ಹಾಳಾದೀತೇನು? ಮುಂದ ನಡಸ್ರಿ,” ಅಂದ ಇನ್ನೊಬ್ಬ. ನಮ್ಮ ತಾಲೂಕಿನ ಜನವೇ! ಕುರಿ ಸಾಕಿದವರೇ! ಅವರ ದೊಡ್ಡಿಗಳ ಗೋಡೆಯಲ್ಲಿ ಇಂಥ ಗಡಿಗೆ ಇರಲಿಲ್ಲವೇ? ಸಾಹೇಬರೆದುರು ಒಬ್ಬನೂ ‘ಹೌದು, ನಮ್ಮಲ್ಲೂ ಇದೆ’ ಅನ್ನಲಿಲ್ಲ. ಅವರ ಆ ನಗೆ ನನಗಿನ್ನೂ ಕೇಳುತ್ತದೆ, ಕೇಳಿದಾಗೆಲ್ಲ ಹಲ್ಲು ಕಡಿಯುತ್ತೇನೆ.

ಮಾಳವ್ವ ಗಡಿಗೆಯಿಂದ ಕೈ ತೆಗೆಯಲಿಲ್ಲ. “ನಿಮ್ಮ ಸರಕಾರ ನಿನ್ನಿ ಮೊನ್ನಿ ಬಂದದ್ರಿ. ನನ್ನ ನಾಯಿ ಗದ್ದಲದಾಗೂ ಊರ ಹೆಣ್ಮಕ್ಕಳನ್ನ ಕಾದದ,” ಅಂದಳು.

ಸಾಹೇಬರ ಮುಖ ಕೆಂಪಗಾಯಿತು. ಮಾಡಿದವನನ್ನೇ ಕೇಳೋಣ ಅಂದರು. ಅಪ್ಪನ ಕಡೆ ತಿರುಗಿ, ಕೈಯಲ್ಲಿದ್ದ ಕಾಗದವನ್ನು ಬೀಸಣಿಗೆಯ ಹಾಗೆ ಆಡಿಸುತ್ತ ಕೇಳಿದರು: “ಹೇಳಪ್ಪ ಬಸಪ್ಪ, ನೀನೇ ಹೇಳು. ಇದು ಹೂದಾನಿಯೋ, ನಾಯಿ ಗಡಿಗೆಯೋ?”

ಅಪ್ಪ ಎದ್ದು ನಿಂತ. ಮಾಳವ್ವನ ಕಡೆ ನೋಡಿದ. ನನ್ನ ಕಡೆ ನೋಡಿದ. ನಾನು ಮನಸ್ಸಿನಲ್ಲೇ ‘ಹೇಳಪ್ಪಾ, ಹೇಳಪ್ಪಾ’ ಅಂತಿದ್ದೆ. ಆಮೇಲೆ ಅವನ ಕಣ್ಣು ಕಾಗದದ ಮೇಲೆ ನಿಂತಿತು.

“ಹೂದಾನಿರಿ,” ಅಂದ.

ಚಪ್ಪಾಳೆ ಬಿತ್ತು. ಹೌದು, ಚಪ್ಪಾಳೆ!

ಮಾಳವ್ವ ಗಡಿಗೆಯ ಮೇಲಿನ ಕೈ ತೆಗೆದಳು. “ಆತು ಬಸಣ್ಣ. ನಿನಗ ಮಣ್ಣು ಬೇಕಾಗಿತ್ತು,” ಅಂದಳು, ಅಷ್ಟೇ. ತಿರುಗಿ ನಡೆದಳು. ನಾನು ದಾರಿಯುದ್ದಕ್ಕೂ ಅಪ್ಪನನ್ನು ಬೈದೆ, ಸಾಹೇಬನನ್ನು ಬೈದೆ, ನಕ್ಕವರ ಏಳು ತಲೆಮಾರನ್ನು ಬೈದೆ.

ಮೂರನೆಯ ದಿನ ಅಪ್ಪ ಕೆರೆಯ ಹೊಸ ಮಣ್ಣು ತಂದ. ಮೊದಲು ಮಾಡಿದ್ದೇ ಒಂದು ಸಣ್ಣ ಗಡಿಗೆ, ಹೊಳಪಿಲ್ಲದ್ದು. ಅದನ್ನು ಸುಟ್ಟು, ಎರಡೂ ಕೈಯಲ್ಲಿ ಹಿಡಿದು ದೊಡ್ಡಿಗೆ ಹೋದ. ನಾನು ಹಿಂದೆ ಹೋದೆ. ಮಾಳವ್ವ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು, ಏಳಲಿಲ್ಲ.

“ಬ್ಯಾಡ ಬಸಣ್ಣ. ನಾಳಿ ಮತ್ತ ಯಾರರ ಕೇಳಿದ್ರ ಇದನ್ನೂ ಹೂದಾನಿ ಅಂದಿ.”

ಅಪ್ಪ ಅದನ್ನು ದಾರಿಯ ಕಲ್ಲಿಗೆ ಬಡಿದು ಒಡೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಅಲ್ಲಿ ದೊಣ್ಣೆಯೂ ಕುಂಬಾರನದೇ ಆಗಿತ್ತು.

ಮಾಳವ್ವ ಕೂದಲನ್ನು ಗೋಡೆಯ ಕಲ್ಲಿನ ಸಂದಿಯಲ್ಲಿ ತುರುಕಿದಳು. ಗಂಟೆಯನ್ನು ನನ್ನ ಕೈಗೆ ಕೊಟ್ಟಳು. “ಇದು ನಿನ್ನ ಕಡೆ ಇರಲಿ ನೀಲವ್ವ. ಬ್ಯಾರೆ ಕೈ ಮಾಡಿದ್ದು, ಸಂತಿ ಮುಖ ನೋಡಲಾರದ್ದು ಗಡಿಗಿ ಸಿಕ್ರ ಹಾಕು. ನಿಮ್ಮ ಮನಿ ಕೈಯಾಂದು ಬ್ಯಾಡ.” ಅವಳು ಸಾಯುವವರೆಗೂ ನೀರಿನ ಗಡಿಗೆಯನ್ನು ಸುರಪುರದ ಸಂತೆಯಿಂದ ತಂದಳು, ಎರಡು ಹೆಜ್ಜೆಯ ಮೇಲಿದ್ದ ನಮ್ಮ ಮನೆಯಿಂದ ಒಂದು ಮುಚ್ಚಳವನ್ನೂ ಕೊಳ್ಳಲಿಲ್ಲ.

ಅಪ್ಪನ ಮೇಲೆ ನಾನು ಸಿಟ್ಟಾಗಿಯೇ ಉಳಿದೆ. ಆದರೆ ಸುಳ್ಳು ಯಾಕೆ ಹೇಳಲಿ? ಆ ಕಾಗದದಿಂದ ಓಣಿಯ ಹನ್ನೊಂದು ಮನೆ ಉಂಡವು. ನನ್ನ ಪಾಟಿ, ಪುಸ್ತಕ, ಆಮೇಲೆ ಮಾಸ್ತರಿಕೆಯ ಟ್ರೈನಿಂಗು, ಎಲ್ಲ ಬಂದದ್ದು ಅದೇ ಮಣ್ಣಿನಿಂದ. ಆ ಅನ್ನ ಉಂಡೇ ಅಪ್ಪನನ್ನು ಬೈದವಳು ನಾನು. ಅದಕ್ಕೇ ಇನ್ನೊಬ್ಬ ಕುಂಬಾರನ ಹತ್ತಿರ ಹೋಗಿ ಗಡಿಗೆ ಕೇಳಲು ಬಾಯಿ ಬರಲಿಲ್ಲ. ಯಾಕೆ, ನಿಮ್ಮಪ್ಪನೇ ಕುಂಬಾರನಲ್ಲವೇ ಅಂತ ಕೇಳಿದರೆ ಏನು ಹೇಳಬೇಕಾಗಿತ್ತು? ಗಂಟೆ ನನ್ನ ಕೀಲಿಗಳ ಜೊತೆ ಹುಣಸಗಿಗೆ ಬಂತು, ಇಷ್ಟು ವರ್ಷ ಸೊಂಟದಲ್ಲೇ ಉಳಿಯಿತು.

ಇದನ್ನೆಲ್ಲ ಯಾದಗಿರಿಯ ಆ ಸ್ಟೂಲಿನ ಮೇಲೆ ಕೂತು ಹೇಳಿದೆ. ಮೊದಲ ಸಲ ಹೇಳಿದೆ. ಹುಡುಗಿ ಬಂದ ಗಿರಾಕಿಗಳನ್ನೂ ಬಿಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ ಬೋರ್ಡಿನಲ್ಲಿದ್ದ ‘ಪ್ರಥಮ ಬಾರಿಗೆ’ ಅನ್ನುವುದನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ನನ್ನ ಸಿಟ್ಟು ಅರ್ಧ ಇಳಿಯಿತು.

“ಯಾವುದು ಬೇಕು ಆರಿಸ್ಕೋರಿ ಅಜ್ಜಿ,” ಅಂದಳು.

“ಇವು ಯಾವೂ ಬ್ಯಾಡ. ಎಲ್ಲಾ ಹೊಳಿತಾವ. ಇವನ್ನ ನೀನ ಮಾಡಿದೇನು?”

“ಹೌದ್ರಿ, ನಾನ ಮಾಡೀನಿ.” ಸ್ವಲ್ಪ ಯೋಚಿಸಿ, ಮೇಜಿನ ಕೆಳಗೆ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕೈಯಾಡಿಸಿ ಒಂದನ್ನು ತೆಗೆದಳು. ಬೋಳು ಗಡಿಗೆ, ಮೈಮೇಲೆ ತಟ್ಟಿದ ಗುರುತು ಹಾಗೇ ಇತ್ತು. “ಇದೊಂದಕ್ಕ ಹೊಳಪು ಕೊಡೂದು ಮರ್ತೀನ್ರಿ. ಮೇಜಿನ ಮ್ಯಾಲ ಇಟ್ಟೇ ಇಲ್ಲ. ಇದು ಮಾರಾಕ ಅಲ್ರಿ.”

“ಅದಕ್ಕ ನನಗ ಇದ ಬೇಕು,” ಅಂದೆ.

ಅವಳು ದುಡ್ಡು ಬೇಡ ಅಂದಳು. ನಾನೂ ಕೊಡುವವಳಿರಲಿಲ್ಲ. ಚಳಿಗೆ ನಾನು ಹೊದ್ದಿದ್ದ ಕಂಬಳಿಯ ಅಂಚಿನಿಂದ ಒಂದು ಎಳೆ ಉಣ್ಣೆ ಕಿತ್ತು ಅವಳ ಅಂಗೈಯಲ್ಲಿಟ್ಟೆ. ಕೀಲಿ ಗೊಂಚಲಿನಿಂದ ಗಂಟೆ ಬಿಡಿಸಲು ನನ್ನ ಬೆರಳಿಗೆ ಆಗಲಿಲ್ಲ, ಅವಳೇ ಬಿಡಿಸಿಕೊಟ್ಟಳು. ಗಡಿಗೆಯೊಳಗೆ ಬಿಟ್ಟಾಗ ಸಣ್ಣಗೆ ಸದ್ದಾಯಿತು.

ವನದುರ್ಗದ ಆ ದೊಡ್ಡಿ ಈಗಿಲ್ಲ, ಅಲ್ಲಿ ಯಾರದೋ ಮನೆ ಎದ್ದಿದೆ. ಹಳೆಯ ಗೋಡೆಯ ಬುಡದಿಂದ ಒಂದು ಹಿಡಿ ಮಣ್ಣು ತಂದು ಹಾಕಿ, ಮುಚ್ಚಳ ಮೆತ್ತಿ, ಹುಣಸಗಿಯ ನನ್ನ ಮನೆಯ ಕಾಂಪೌಂಡಿನಲ್ಲಿ, ಗೇಟಿನ ಪಕ್ಕಕ್ಕೆ ಒಂದು ಗೂಡು ಮಾಡಿಸಿ ಇಟ್ಟಿದ್ದೇನೆ.

ಮೊನ್ನೆ ಪಕ್ಕದ ಮನೆಯವಳು ಬಂದು, ಗೇಟಿನಲ್ಲೇ ನಿಂತು ಅದನ್ನು ನೋಡಿ, “ಟೀಚರ್, ಮುಚ್ಚಳ ತಗದು ಇದರಾಗ ಎರಡು ಹೂವರ ಇಡ್ರಲ್ಲ, ಚಂದ ಕಾಣ್ತದ,” ಅಂದಳು.

ಅಪ್ಪನಿಗೆ ಅಂದು ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ನನ್ನೆದುರು ಯಾರೂ ಕಾಗದ ಹಿಡಿದು ನಿಂತಿರಲಿಲ್ಲ, ನಿಜ. ಆದರೂ ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ:

“ಹೂದಾನಿ ಅಲ್ಲ ತಂಗಿ ಅದು. ನಾಯಿ ಗಡಿಗಿ.”